ಯಾರೂ ಹೆಸರು ಕೇಳದ ಮನುಷ್ಯ

"ಬರ್ನಾರ್ಡ್ ಅನ್ನೋರು ನಮ್ಮಲ್ಲಿ ಯಾರೂ ಇಲ್ಲ, ಮಿಸೆಸ್ ಪ್ರಾಬರ್ಟ್."

ಹ್ಯೂಗೊ ಲ್ಯಾಥಮ್ ಇದನ್ನು ಹೇಳಿದ್ದು ಅದು ಮೂರನೆಯ ಸಲ. ಟ್ರಸ್ಟೊಂದು ಜನರಿಗೆ ತೋರಿಸಲೆಂದು ತೆರೆದಿಟ್ಟಿರುವ ಹ್ಯಾಡರ್ಲಿ ಹಾಲ್ ಎಂಬ ಹಳೇ ಬಂಗಲೆಯ ಮ್ಯಾನೇಜರ್ ಅವನು. ವಯಸ್ಸು ಮೂವತ್ತನಾಲ್ಕು, ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲ. ಗದರಿಸುವವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಇಷ್ಟು ಮೆತ್ತಗೆ ಕತ್ತು ಕೊಯ್ಯುವವರ ಮೇಲೆ ರೇಗುವುದು ಹೇಗೆಂದು ಇಪ್ಪತ್ತಾರು ವರ್ಷದ ಪೊಲೀಸ್ ಕೆಲಸ ನನಗೆ ಕಲಿಸಿಲ್ಲ.

ಅವನ ಎದುರು ಐವಿ ಪ್ರಾಬರ್ಟ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಪ್ಪತ್ತೆಂಟು ವರ್ಷದ ನನ್ನ ಗೆಳತಿ. ಹತ್ತೊಂಬತ್ತು ವರ್ಷದಿಂದ ಪ್ರತಿ ಬುಧವಾರ ಈ ಮನೆಯ ನೀಲಿ ಕೋಣೆಯಲ್ಲಿ ಸಂಬಳವಿಲ್ಲದೆ ನಿಂತು, ನೋಡಲು ಬಂದವರಿಗೆ ಕಥೆ ಹೇಳಿ, ಅವರು ಏನನ್ನೂ ಮುಟ್ಟದಂತೆ ಕಾದವಳು. ಹೋದ ಬುಧವಾರ ಆ ಕೋಣೆಯ ಗೋಡೆಯಿಂದ ಅಂಗೈಯಗಲದ ಒಂದು ಚಿತ್ರ ಕಾಣೆಯಾಗಿತ್ತು. ಅಳಿಲು ಹಿಡಿದುಕೊಂಡ ಪುಟ್ಟ ಹುಡುಗಿಯ ಚಿತ್ರ. ಇದುವರೆಗಿನ ಕಥೆ ಇಷ್ಟೆ.

"ಇಲ್ಲಿ ನೋಡಿ," ಹ್ಯೂಗೊ ಒಂದು ಹಾಳೆಯನ್ನು ಅವಳತ್ತ ತಿರುಗಿಸಿದ. "ಇದು ಅವತ್ತು ಸಾಯಂಕಾಲದ ಪಟ್ಟಿ. ನಿಮ್ಮ ಕೈಬರಹವೇ ಅಲ್ವಾ?"

ಬಾಗಿಲು ಹಾಕುವ ಮೊದಲು ಪ್ರತಿ ಕೋಣೆಯ ವಸ್ತುಗಳನ್ನೂ ಸರಿನೋಡುವುದು ಇಲ್ಲಿನ ಕಟ್ಟಳೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪಟ್ಟಿ ಓದುತ್ತಾರೆ, ಇನ್ನೊಬ್ಬರು ವಸ್ತುವನ್ನು ಕಣ್ಣಾರೆ ನೋಡಿ ಇದೆ ಅನ್ನುತ್ತಾರೆ. ಐವಿಯ ಹಾಳೆಯಲ್ಲಿ ನಲವತ್ತೊಂದು ವಸ್ತುಗಳಿಗೂ ಗುರುತು ಬಿದ್ದಿತ್ತು, ಆಗಲೇ ಕಾಣೆಯಾಗಿದ್ದ ಅಳಿಲಿನ ಹುಡುಗಿಗೂ. ಕೆಳಗೆ 'ಜೊತೆಗಿದ್ದವರು' ಎಂಬಲ್ಲಿ ಅವಳ ಗುಂಡು ಅಕ್ಷರಗಳಲ್ಲಿ 'ಬರ್ನಾರ್ಡ್' ಎಂದಿತ್ತು.

"ನಂದೇ," ಎಂದಳು ಐವಿ. "ಅವರು ಓದಿದ್ರು, ನಾನು ಗುರುತು ಹಾಕ್ದೆ. ಇಲ್ಲ, ನಾನು ಓದಿ ಅವರು ನೋಡಿದ್ರೋ ಏನೋ. ಕಾಲು ನೋಯ್ತಿತ್ತು ನಂಗೆ, ನೀವು ಕೂತ್ಕೊಳಿ, ನಾನೇ ನೋಡಿ ಹೇಳ್ತೀನಿ ಅಂದ್ರು."

"ಯಾರು?"

"ಬರ್ನಾರ್ಡ್."

ಹ್ಯೂಗೊ ನನ್ನತ್ತ ನೋಡಿದ. ಅವನ ಕಣ್ಣಲ್ಲಿ ಇದ್ದದ್ದು ಅನುಮಾನವಲ್ಲ, ಕನಿಕರ. ಅನುಮಾನಕ್ಕಾದರೆ ಉತ್ತರ ಕೊಡಬಹುದು.

"ಹಾಗಾದ್ರೆ ನಾನೇ ಕಲ್ಪಿಸ್ಕೊಂಡಿರ್ಬೇಕು ಆ ಮನುಷ್ಯನ್ನ," ಐವಿ ನಿಧಾನವಾಗಿ ಹೇಳಿದಳು. "ಚಿತ್ರಾನೂ ನಾನೇ ತೆಗ್ದು ಎಲ್ಲೋ ಇಟ್ಟು ಮರ್ತಿರ್ಬೇಕು. ಕಾಗದ ಕೊಡಿ, ಸೈನ್ ಹಾಕ್ತೀನಿ."

ಕಾಗದ ಮೇಜಿನ ಮೇಲೆ ಸಿದ್ಧವಾಗಿಯೇ ಇತ್ತು. 'ನನ್ನ ಅರಿವಿಗೆ ಬಾರದೆ ಚಿತ್ರವನ್ನು ನಾನೇ ತೆಗೆದಿದ್ದೇನೆ, ಅದನ್ನು ಹುಡುಕಿ ಹಿಂದಿರುಗಿಸಲು ನೆರವಾಗುತ್ತೇನೆ, ಇನ್ನು ಮುಂದೆ ಈ ಮನೆಗೆ ಬರುವುದಿಲ್ಲ.' ಮೂರೇ ಸಾಲು. ಐವಿ ಅದಕ್ಕೆ ರುಜು ಹಾಕಿದರೆ ಪೊಲೀಸರು ಬರುವುದಿಲ್ಲ. ಆದರೆ ಅವಳ ಅಕ್ಕನ ಮಗ ಡೆರಿಕ್ ಆ ಕಾಗದದ ನಕಲಿಗಾಗಿ ಕಾದು ಕೂತಿದ್ದ. ತಾನು ಮಾಡಿದ್ದು ತನಗೇ ತಿಳಿಯದು ಎಂದು ಬರೆದುಕೊಟ್ಟ ಹೆಂಗಸನ್ನು ಒಂಟಿಯಾಗಿ ಬಿಡಲಾಗದಲ್ಲ. ಮರೆವಿನವರ ಆಶ್ರಮವೊಂದರಲ್ಲಿ ಶುಕ್ರವಾರಕ್ಕೆ ಹಾಸಿಗೆ ಕಾಯ್ದಿರಿಸಿಯೂ ಆಗಿತ್ತು.

"ಹ್ಯೂಗೊ, ಅರ್ಧ ಗಂಟೆ ಕೊಡಪ್ಪ," ಎಂದೆ.

"ಮಿಸ್ ಗೆಥಿನ್, ನಾಲ್ಕೂವರೆಗೆ ನಾನು ಟ್ರಸ್ಟಿಗಳಿಗೆ ಫೋನ್ ಮಾಡ್ಲೇಬೇಕು."

"ಮಾಡು. ಅಲ್ಲೀವರೆಗೂ ಆ ಪೆನ್ನು ನಿನ್ನ ಜೇಬಲ್ಲೇ ಇರ್ಲಿ. ನಿಮ್ಮಪ್ಪನ ಸೈಕಲ್ ಕಳೆದಾಗ ಹುಡುಕಿಕೊಟ್ಟೋಳು ನಾನು, ಅಷ್ಟು ಋಣ ಇದೆ ನಿಮ್ಮನೆ ಮೇಲೆ."

ಅವನು ಪೆನ್ನನ್ನು ಜೇಬಿಗೆ ಹಾಕಿಕೊಂಡ.

*

ಐವಿಯನ್ನು ನೀಲಿ ಕೋಣೆಗೆ ಕರೆದುಕೊಂಡು ಹೋದೆ. ರೇಷ್ಮೆ ಹೊದಿಸಿದ ಕುರ್ಚಿಗಳ ಮೇಲೆ ಯಾರೂ ಕೂರದಿರಲೆಂದು ಒಣಗಿದ ಮುಳ್ಳುಹೂವುಗಳನ್ನು ಇಟ್ಟಿದ್ದರು. ಗೋಡೆಯಲ್ಲಿ ಅಳಿಲಿನ ಹುಡುಗಿ ಇದ್ದ ಜಾಗ ಮಾತ್ರ ಉಳಿದ ಕಡೆಗಿಂತ ಗಾಢ ನೀಲಿಯಾಗಿತ್ತು. ಐವಿ ಆ ಕಡೆ ತಿರುಗಲೇ ಇಲ್ಲ.

ನನ್ನ ಪ್ರವಾಸಿಗರು ತೋಟದಲ್ಲಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತಳಾದ ಮೇಲೆ ಹದಿನಾರು ಸೀಟಿನ ಒಂದು ಪುಟ್ಟ ಬಸ್ಸು ಇಟ್ಟುಕೊಂಡು ನಾನೇ ಓಡಿಸುತ್ತೇನೆ. ದಿನಕ್ಕೊಂದು ಹಳೇ ಮನೆ, ಎರಡು ಚಂದದ ಹಳ್ಳಿ, ಒಂದು ಇಗರ್ಜಿ, ಕೊನೆಗೆ ಚಹಾ ಮತ್ತು ಕೇಕು. ಇವತ್ತಿನವರು ಕೆಂಟ್ ಕಡೆಯ ನಿವೃತ್ತ ಉಪಾಧ್ಯಾಯಿನಿಯರು, ಹುಲ್ಲುಮಾಡಿನ ಮನೆ ಕಂಡರೆ ಸಾಕು, ಎಲ್ಲರೂ ಒಂದೇ ಕಿಟಕಿಗೆ ಮುಗಿಬೀಳುತ್ತಾರೆ.

"ಐವಿ, ಆ ಬರ್ನಾರ್ಡ್ ಹೇಗಿದ್ದ ಹೇಳು."

"ಹೇಳಿ ಏನ್ ಪ್ರಯೋಜನ ಕಣೇ? ಇಲ್ದಿರೋನ ಬಣ್ಣ ಯಾವುದಾದ್ರೇನು?"

"ಹೇಳು ಮಾರಾಯ್ತಿ."

"ಅರವತ್ತೈದರ ಮೇಲೆ. ಕಂದು ಸ್ವೆಟರು, ಮೊಣಕೈಗೆ ತೇಪೆ. ಒಳ್ಳೇ ಮನುಷ್ಯ. ಏಳು ಬುಧವಾರದಿಂದ ಬರ್ತಿದಾರೆ ಅಂದ್ಕೊಂಡಿದ್ದೆ. ಇವತ್ತು ಬರ್ಲಿಲ್ಲ ನೋಡು. ನನ್ನ ತಲೆಯೊಳಗೂ ರಜೆ ಹಾಕಿರ್ಬೇಕು." ಅವಳು ನಗಲು ನೋಡಿದಳು. ಆಮೇಲೆ ಕೈಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದಳು. "ಇದನ್ನ ಹ್ಯೂಗೊಗೆ ತೋರ್ಸಿಲ್ಲ. ನಾಚಿಕೆ ಆಯ್ತು."

ಮರೆವು ಶುರುವಾಗಿದೆಯೇನೋ ಎಂದು ಬೇಸಿಗೆಯಲ್ಲಿ ಅವಳು ಡಾಕ್ಟರ ಹತ್ತಿರ ಹೋಗಿದ್ದಳು. ಕಂಡದ್ದನ್ನು ಕಂಡ ಕೂಡಲೇ ಬರೆದಿಟ್ಟುಕೊಳ್ಳಿ ಎಂದು ಅವರು ಹೇಳಿದ್ದರಂತೆ. ಐವಿ ಹೇಳಿದ ಮಾತು ಮೀರುವವಳಲ್ಲ. ಪ್ರತಿ ಬುಧವಾರಕ್ಕೂ ಒಂದು ಪುಟವಿತ್ತು.

ಮೊದಲನೇ ಬುಧವಾರ: 'ಕಂದು ಸ್ವೆಟರಿನ ಹೊಸಬರು. ಹೆಸರು ವಿಲ್‌ಫ್ರೆಡ್. ಇತ್ತೀಚೆಗೆ ಮರೆಯುತ್ತೇನೆ, ಬರೆದುಕೊಳ್ಳುತ್ತೇನೆ ಅಂದೆ. ಬರೆದುಕೊಳ್ಳಿ ಅಂದರು.'

ಎರಡನೇ ಬುಧವಾರ: 'ಕಂದು ಸ್ವೆಟರು. ಹೆಸರು ಮರೆತಿತ್ತು. ಕೇಳಿದೆ. ಪರ್ಸಿ.'

ಮೂರನೆಯದರಲ್ಲಿ ಮಾರಿಸ್. ಆಮೇಲೆ ಸಿರಿಲ್, ಲೆನರ್ಡ್, ನಾರ್ಮನ್. ಹೋದ ವಾರ ಬರ್ನಾರ್ಡ್. ಪ್ರತಿಯೊಂದರ ಕೆಳಗೂ 'ಅವರೆದುರೇ ಬರೆದೆ' ಎಂಬ ಟಿಪ್ಪಣಿ. ಐದನೇ ವಾರದಲ್ಲಿ ಇನ್ನೊಂದು ಸಾಲಿತ್ತು: 'ಹಿಂದಿನ ಪುಟ ನೋಡಿದರೆ ಸಿರಿಲ್ ಅಂತಿದೆ. ಕೇಳಿದೆ. ನಾನು ಯಾವತ್ತೂ ಲೆನರ್ಡೇ ಕಣಮ್ಮ ಅಂದರು, ಪಾಪ, ಬೇಜಾರಾಗಿರಬೇಕು.'

"ನೋಡಿದ್ಯಾ," ಐವಿ ಮೆಲ್ಲಗೆ ಅಂದಳು. "ಒಬ್ಬ ಮನುಷ್ಯ, ಏಳು ಹೆಸರು. ಬರೆದಿಟ್ಟುಕೊಂಡ್ರೂ ನಿಲ್ತಿಲ್ಲ ನನ್ನ ತಲೇಲಿ. ಇದನ್ನ ನೋಡಿದ ಮೇಲೇ ನಂಗೆ ಗೊತ್ತಾಗಿದ್ದು, ಮುಗೀತು ನನ್ ಕಥೆ ಅಂತ."

ನಾನು ಪುಸ್ತಕವನ್ನು ಮತ್ತೆ ಮೊದಲಿನಿಂದ ನೋಡಿದೆ. ಎಲ್ಲೂ ಕಾಟಿಲ್ಲ, ಗೀಟಿಲ್ಲ, ತಡಬಡಾಯಿಸಿದ ಗುರುತಿಲ್ಲ.

"ಐವಿ, ಮರೆಯೋರು ಮರೀತಾರೆ. ಆದ್ರೆ ಹೆಸರು ಕೇಳಿ, ಆ ನಿಮಿಷಕ್ಕೇ ಅವನೆದುರಿಗೇ ಬರ್ಕೊಂಡಾಗ ತಪ್ಪು ಬರೀತಾರಾ? ಏಳು ಸಲ? ನೀನು ಸರಿಯಾಗೇ ಕೇಳಿಸ್ಕೊಂಡಿದೀಯ. ಅವನೇ ವಾರಕ್ಕೊಂದು ಹೆಸರು ಹೇಳಿದಾನೆ."

"ಯಾಕೆ?"

"ನಿನ್ನ ಮಾತನ್ನ ನೀನೇ ನಂಬದ ಹಾಗೆ ಆಗ್ಲಿ ಅಂತ."

ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ, ಅಳುತ್ತಾಳೆ ಅಂದುಕೊಂಡಿದ್ದೆ.

"ಅಷ್ಟು ಒಳ್ಳೆಯೋರು ಹಾಗೆ ಮಾಡ್ತಾರಾ ಡಿಲಿಸ್? ಇಲ್ಲ ಬಿಡು. ಅಂಥ ಮನುಷ್ಯನೇ ಇಲ್ಲ, ಅದೇ ನಿಜ ಇರ್ಬೇಕು."

ಒಬ್ಬರ ನಂಬಿಕೆಯನ್ನು ಒಳಗಿನಿಂದಲೇ ಕದ್ದವನನ್ನು ಯಾವ ಕಲಮಿನಡಿ ಹಿಡಿಯುವುದು? ಗಡಿಯಾರ ನಾಲ್ಕು ಗಂಟೆ ಐದು ನಿಮಿಷ ತೋರಿಸುತ್ತಿತ್ತು.

*

ಸ್ವಯಂಸೇವಕರ ಚಹಾ ಕೋಣೆ ಹಿಂದಿನ ಅಂಗಳದ ಪಕ್ಕ ಇದೆ. ಮೊದಲು ಕುದುರೆಗಳ ಜೀನು ಇಡುತ್ತಿದ್ದ ಜಾಗ. ಅಲ್ಲಿ ಇಬ್ಬರಿದ್ದರು. ವೆರಾ ಟಮ್‌ಕಿನ್ಸ್ ಊಟದ ಮನೆಯನ್ನು ಕಾಯುವವಳು, ಗಂಡ ಸತ್ತ ಮೇಲೆ ಬುಧವಾರವೊಂದೇ ಅವಳು ಮನೆಯಿಂದ ಹೊರಗೆ ಬರುವ ದಿನ. ಆರ್ನಲ್ಡ್ ಗಫ್ ಮನೆಯ ಹದಿನೇಳು ಗಡಿಯಾರಗಳಿಗೂ ಕೀಲಿ ಕೊಡುವವನು.

"ಕಂದು ಸ್ವೆಟರಿನ ಒಬ್ಬರು," ಎಂದೆ. "ಮೊಣಕೈಗೆ ತೇಪೆ. ಇಲ್ಲಿ ಚಹಾ ಕುಡೀತಿದ್ರಾ?"

"ಅವರಾ?" ವೆರಾಳ ಮುಖ ಅರಳಿತು. "ಯಾಕೆ ಇವತ್ತು ಬಂದಿಲ್ಲ? ಅವರಿಗಂತ ನಿಂಬೆ ಕೇಕ್ ಎತ್ತಿಟ್ಟಿದೀನಿ."

ಅವನು ಇದ್ದಾನೆ. ಐವಿಯ ತಲೆಯೊಳಗಲ್ಲ, ಈ ಕೋಣೆಯಲ್ಲಿ, ಈ ಕುರ್ಚಿಯಲ್ಲಿ, ಕೇಕ್ ತಿನ್ನುತ್ತ ಇದ್ದಾನೆ.

"ಹೆಸರೇನು ಅವರದ್ದು?"

ವೆರಾ ಆರ್ನಲ್ಡನ ಮುಖ ನೋಡಿದಳು. ಆರ್ನಲ್ಡ್ ವೆರಾಳ ಮುಖ ನೋಡಿದ.

"ನಿನ್ ಸ್ನೇಹಿತರಲ್ವಾ?" ಎಂದಳು ವೆರಾ. "ನಿನ್ ಕುರ್ಚೀಲೇ ಕೂರ್ತಿದ್ರಲ್ಲ."

"ನನ್ ಸ್ನೇಹಿತರಾ? ನಾನು ನಿನ್ ಗಂಡನ ಕಡೆಯೋರು ಅಂದ್ಕೊಂಡು ಕುರ್ಚಿ ಬಿಟ್ಟುಕೊಟ್ಟೆ."

"ನಮ್ಮ ಕಡೆ ಅಷ್ಟು ಲಕ್ಷಣವಾಗಿರೋರು ಯಾರೂ ಇಲ್ಲ."

"ಏಳು ವಾರ," ಎಂದೆ. "ಏಳು ವಾರ ಜೊತೇಲಿ ಚಹಾ ಕುಡಿದು, ಹೆಸರು ಕೇಳಲಿಲ್ಲ?"

"ಮೊದಲನೇ ವಾರ ಯಾರಾದ್ರೂ ಪರಿಚಯ ಮಾಡಿಸ್ತಾರೆ ಅಂದ್ಕೊಂಡೆ," ಆರ್ನಲ್ಡ್ ಬೋಳುತಲೆ ಸವರಿಕೊಂಡ. "ಎರಡನೇ ವಾರ ಕೇಳೋಣ ಅಂದ್ರೆ, ಹೋದ ವಾರವೇ ಯಾಕೆ ಕೇಳ್ಲಿಲ್ಲ ಅಂತ ಬೇಜಾರು ಮಾಡ್ಕೊಂಡ್ರೆ? ಮೂರನೇ ವಾರ ಅವರು ನನ್ನ ಮೊಣಕಾಲು ಹೇಗಿದೆ ಅಂತ ಕೇಳಿದ್ರು. ಮೊಣಕಾಲು ವಿಚಾರಿಸೋರನ್ನ ನೀವ್ಯಾರು ಅಂತ ಕೇಳೋಕಾಗುತ್ತಾ?"

ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ನಮ್ಮ ಸೀಮೆಯಲ್ಲಿ ಹೆಸರು ಕೇಳುವುದಕ್ಕೆ ಮೊದಲ ಐದು ನಿಮಿಷ ಮಾತ್ರ ಇರುವುದು. ಅದು ಕಳೆಯಿತೋ, ಆಮೇಲೆ ಸಾಯುವವರೆಗೂ ಹೆಸರಿಲ್ಲದೆಯೇ ಸ್ನೇಹ ನಡೆಸುತ್ತೇವೆ. ಐವಿ ಒಬ್ಬಳೇ ಪ್ರತಿ ವಾರ ಕೇಳಿದ್ದು, ಮರೆತುಹೋಗಿದ್ದಕ್ಕೆ ನಾಚಿಕೆಪಡದೆ ಕೇಳಿದ್ದು. ಅದಕ್ಕೇ ಅವನಿಗೆ ಅವಳೊಬ್ಬಳನ್ನು ಮಾತ್ರ ಹೀಗೆ ಮುಗಿಸಬೇಕಾಯಿತು.

"ಸ್ವಯಂಸೇವಕರ ಬ್ಯಾಡ್ಜ್ ಇತ್ತಾ ಅವರ ಹತ್ರ?"

"ಮನೇಲಿ ಮರ್ತು ಬಂದೆ ಅಂದ್ರು," ಆರ್ನಲ್ಡ್ ಹೇಳಿದ. "ಡ್ರಾಯರಿನಿಂದ ಒಂದು ತೆಗ್ದು ಕೊಟ್ಟೆ."

"ನಡೀರಿ, ಇಬ್ರೂ. ಇಷ್ಟನ್ನೇ ಹ್ಯೂಗೊ ಎದುರು ಹೇಳಿ. ಐವಿ ಬದುಕ್ತಾಳೆ."

ಇಬ್ಬರೂ ಎದ್ದರು. ವೆರಾ ಕೇಕಿನ ಮೇಲೆ ತಟ್ಟೆ ಮುಚ್ಚಿ, ಶಾಲು ಸರಿಪಡಿಸಿಕೊಂಡಳು. ಬಾಗಿಲ ಹತ್ತಿರ ನಿಂತು ಅವಳು ನನ್ನ ತೋಳು ಮುಟ್ಟಿದಳು.

"ಅವರ ಹೆಸರು ನಿಂಗೇ ಗೊತ್ತಿರ್ಬೇಕಲ್ಲೇ, ಡಿಲಿಸ್. ಹೋದ ಬುಧವಾರ ನಿನ್ ಬಸ್ಸಲ್ಲೇ ತಾನೆ ಅವರು ಹೋಗಿದ್ದು?"

ಕಂದು ಸ್ವೆಟರು. ಮೊಣಕೈಗೆ ತೇಪೆ. ಐವಿಯ ಬರ್ನಾರ್ಡನನ್ನು ನಾನು ಈವರೆಗೆ ಅವನ ಜೊತೆ ಜೋಡಿಸಿಯೇ ನೋಡಿರಲಿಲ್ಲ: ನನ್ನ ಪಕ್ಕದ ಸೀಟಿನಲ್ಲಿ ಕೂತು, ಹಳ್ಳಿಗೆ ಬರುತ್ತಿದ್ದ ಸರ್ಕಾರಿ ಬಸ್ಸನ್ನು ನಿಲ್ಲಿಸಿದವರನ್ನು ಬೈದಿದ್ದ ಮನುಷ್ಯ. ನಾನೂ ಅವನ ಜೊತೆ ಸೇರಿಕೊಂಡು ಬೈದಿದ್ದೆ. ಅವನಿಗೆ ಪುದೀನದ ಪೆಪ್ಪರಮಿಂಟು ಕೊಟ್ಟಿದ್ದೆ. ಅದಕ್ಕೆ ಹಿಂದೆಯೂ ಮೂರು ಬುಧವಾರ ಅಂಗಳದಲ್ಲಿ ಅವನ ಜೊತೆ ಹವಾಮಾನ ಮಾತಾಡಿದ್ದೆ.

ಇಪ್ಪತ್ತಾರು ವರ್ಷ ನಾನು ಸಾವಿರಾರು ಜನರಿಗೆ ಮೊದಲು ಕೇಳಿದ ಪ್ರಶ್ನೆ ಒಂದೇ: ನಿಮ್ಮ ಹೆಸರೇನು? ಅವನಿಗೆ ಮಾತ್ರ ನಾನೂ ಕೇಳಿರಲಿಲ್ಲ.

*

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನಾವೆಲ್ಲ ಹ್ಯೂಗೊನ ಕೋಣೆಯಲ್ಲಿದ್ದೆವು. ಐವಿ ಅದೇ ಕುರ್ಚಿಯಲ್ಲಿ ಕೂತಳು. ನಾನು ಅವಳ ಪುಸ್ತಕವನ್ನು ಮೇಜಿನ ಮೇಲಿಟ್ಟು ಏಳು ಪುಟಗಳನ್ನೂ ತೋರಿಸಿದೆ. ಹ್ಯೂಗೊ ಗಮನವಿಟ್ಟು ಓದಿದ.

"ಇದರಿಂದ ಏನು ಗೊತ್ತಾಗುತ್ತೆ, ಮಿಸ್ ಗೆಥಿನ್? ಡಾಕ್ಟರು ನೋಡಿದ್ರೆ ನಂಗಿಂತ ಬೇಗ ಸೈನ್ ಹಾಕಿಸ್ತಾರೆ."

"ಆ ಮನುಷ್ಯನ್ನ ಇವಳೊಬ್ಳೇ ನೋಡಿದ್ರೆ ಹಾಗೆ ಅನ್ನು. ಇವರಿಬ್ರೂ ನೋಡಿದಾರೆ. ಕೇಳು."

ಹ್ಯೂಗೊ ಮುಂದಕ್ಕೆ ಬಾಗಿದ. "ಆರ್ನಲ್ಡ್, ನಮ್ಮ ಪಟ್ಟೀಲಿ ಹೆಸರಿಲ್ಲದ ಒಬ್ಬರು ಏಳು ವಾರ ಒಳಗಿನ ಕೋಣೆಗಳಲ್ಲಿ ಓಡಾಡಿದಾರಾ? ಅವರಿಗೆ ಬ್ಯಾಡ್ಜ್ ಕೊಟ್ಟಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆರ್ನಲ್ಡನ ಕೈ ತನ್ನ ಎದೆಯ ಬ್ಯಾಡ್ಜಿಗೆ ಹೋಯಿತು. ಗುರುತಿಲ್ಲದವರನ್ನು ಒಳಗೆ ಬಿಟ್ಟ ಸ್ವಯಂಸೇವಕ ಮಾರನೆಯ ದಿನದಿಂದ ಬರಬೇಕಾಗಿಲ್ಲ ಎಂದು ಚಹಾ ಕೋಣೆಯ ಗೋಡೆಯಲ್ಲೇ ಬರೆದು ಅಂಟಿಸಿದ್ದಾರೆ. ಹದಿನೇಳು ಗಡಿಯಾರಗಳನ್ನು ಬಿಟ್ಟರೆ ಆರ್ನಲ್ಡನಿಗೆ ಬೇರೆ ಯಾರೂ ಇಲ್ಲ.

"ಕೊಟ್ಟೆ ಅಂತ... ಖಚಿತವಾಗಿ ಹೇಳೋಕಾಗಲ್ಲ," ಎಂದ.

"ಹತ್ತು ನಿಮಿಷದ ಹಿಂದೆ ಖಚಿತವಾಗಿತ್ತಲ್ಲೋ."

"ಹತ್ತು ನಿಮಿಷದ ಹಿಂದೆ ನೀನು ಕೇಳಿದ್ದೆ, ಡಿಲಿಸ್."

"ವೆರಾ?"

ವೆರಾ ಶಾಲಿನ ಅಂಚು ಹಿಂಡುತ್ತಿದ್ದಳು. "ತುಂಬ ಜನ ಬರ್ತಾರಲ್ವಾ. ಕಂದು ಸ್ವೆಟರು ಯಾರ್ ಹತ್ರ ಇರಲ್ಲ ಹೇಳು? ನಾನು ಯಾರನ್ನೋ ನೋಡಿ ಇನ್ಯಾರೋ ಅಂದ್ಕೊಂಡಿರ್ಬಹುದು."

"ಕೇಕ್ ಎತ್ತಿಟ್ಟಿದೀಯಲ್ಲೇ."

"ಕೇಕ್ ನಂಗೇ ಬೇಕಿತ್ತು."

ಐವಿ ಅವಳ ಕಡೆ ತಿರುಗಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು. ಇಬ್ಬರನ್ನೂ ಅಲ್ಲೇ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆದರೆ ಅವರ ಬುಧವಾರ ಕಿತ್ತುಕೊಂಡರೆ ಅವರಿಗೆ ಉಳಿಯುವುದೇನೆಂದು ನನಗೂ ಗೊತ್ತಿತ್ತು. ಅವರು ತಲೆ ತಗ್ಗಿಸಿಕೊಂಡು ಹೊರಗೆ ಹೋದರು, ಆರ್ನಲ್ಡ್ ಸದ್ದಾಗದಂತೆ ಬಾಗಿಲು ಎಳೆದುಕೊಂಡ.

ನಾಲ್ಕು ಇಪ್ಪತ್ತೇಳು. ಹ್ಯೂಗೊ ಜೇಬಿನಿಂದ ಪೆನ್ನು ತೆಗೆದ.

"ನಾನೂ ನೋಡಿದೀನಿ ಅವನನ್ನ," ಎಂದೆ.

"ನೀವು ಅವರ ಸ್ನೇಹಿತೆ, ಮಿಸ್ ಗೆಥಿನ್. ನನಗೆ ಅರ್ಥ ಆಗುತ್ತೆ."

"ಅರ್ಥ ಮಾಡ್ಕೋಬೇಡ, ಗೇಟಿನ ಪುಸ್ತಕ ತೆಗಿ. ಹೋದ ಬುಧವಾರದ್ದು."

ಬೆಂಕಿಗಿಂಕಿ ಬಿದ್ದರೆ ಒಳಗೆ ಎಷ್ಟು ಜನ ಉಳಿದಿದ್ದಾರೆಂದು ತಿಳಿಯಲಿ ಅಂತ, ಪ್ರತಿ ಬಸ್ಸಿನಲ್ಲೂ ಬಂದ ತಲೆಗಳನ್ನು, ಹೋದ ತಲೆಗಳನ್ನು ಗೇಟಿನಲ್ಲಿ ಬರೆಯುತ್ತಾರೆ. ಡ್ರೈವರ್ ಎಣಿಸಿ ರುಜು ಹಾಕಬೇಕು. ಹ್ಯೂಗೊ ಕಪಾಟಿನಿಂದ ಪುಸ್ತಕ ತೆಗೆದು ಬೆರಳಿನಿಂದ ಸಾಲು ಹುಡುಕಿದ. ಬೆರಳು ನಿಂತಿತು.

"ನಿಮ್ಮ ಬಸ್ಸು. ಬಂದವರು ಹದಿನೈದು."

"ಒಬ್ಬರಿಗೆ ನೆಗಡಿ ಬಂದು ಹೋಟೆಲಲ್ಲೇ ಉಳಿದಿದ್ರು. ಮುಂದೆ ಓದು."

"ಹೋದವರು ಹದಿನಾರು."

"ನನ್ನ ಬಸ್ಸಿಗೆ ಹದಿನಾರೇ ಸೀಟು. ಎಣಿಸ್ದೆ, ಎಲ್ಲ ತುಂಬಿತ್ತು, ಸರಿ ಇದೆ ಅಂತ ಸೈನ್ ಹಾಕ್ದೆ. ಬೆಳಿಗ್ಗೆ ಹದಿನೈದಿತ್ತು ಅನ್ನೋದೇ ಹೊಳೀಲಿಲ್ಲ. ಆ ಹದಿನಾರನೇ ತಲೇನೇ ಅವನು. ಹಳ್ಳಿವರೆಗೂ ಬಿಡಿ ಅಂದ, ಬಿಟ್ಟೆ. ಇಗರ್ಜಿ ಹತ್ರ ಇಳಿದ."

ಹ್ಯೂಗೊ ಹದಿನೈದನ್ನೂ ಹದಿನಾರನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ ಐವಿಯನ್ನು ನೋಡಿದ. ಒಂದು ವಾರದಲ್ಲಿ ಮೊದಲ ಸಲ, ರೋಗಿಯನ್ನು ನೋಡುವ ಹಾಗಲ್ಲದೆ ಮನುಷ್ಯರನ್ನು ನೋಡುವ ಹಾಗೆ ನೋಡಿದ.

"ಮಿಸೆಸ್ ಪ್ರಾಬರ್ಟ್, ಆ ಮನುಷ್ಯ ನಿಜವಾಗ್ಲೂ ಇದ್ದಾನೆ."

ಐವಿಯ ಗಲ್ಲದ ಮೇಲೆ ಕಣ್ಣೀರಿಳಿಯಿತು. ನಾನು ಅವಳ ಕೈ ಹಿಡಿದುಕೊಂಡೆ. ಗೆದ್ದೆವು ಅಂದುಕೊಂಡೆ, ದಡ್ಡಿ.

ಹ್ಯೂಗೊ ಪುಸ್ತಕ ಮುಚ್ಚಿರಲಿಲ್ಲ.

"ಸ್ವಯಂಸೇವಕರು ಹೋಗುವಾಗ ಹಿಂದಿನ ಬಾಗಿಲಲ್ಲಿ ಚೀಲ, ಜೇಬು ನೋಡ್ತೀವಿ," ಎಂದ ಅವನು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಬಸ್ಸಿನ ಪ್ರವಾಸಿಗರನ್ನ ನೋಡಲ್ಲ. ಚಿತ್ರ ಹೊರಗೆ ಹೋಗಿದ್ದು ನಿಮ್ಮ ಬಸ್ಸಲ್ಲಿ."

"ಹೌದು."

"ಲೆಕ್ಕ ಸರಿ ಇದೆ ಅಂತ ರುಜು ಹಾಕಿರೋದು ನೀವು."

"ಹೌದು ಅಂದ್ನಲ್ಲಪ್ಪ."

"ಪೊಲೀಸ್ ಕೆಲಸದಲ್ಲಿದ್ದವರು ನೀವು. ಒಂದು ತಲೆ ಜಾಸ್ತಿ ಆಗಿದ್ದು ಗೊತ್ತಾಗ್ಲಿಲ್ಲ ಅಂದ್ರೆ ಪೊಲೀಸರು ನಂಬ್ತಾರಾ?" ಅವನ ಸ್ವರದಲ್ಲಿ ನಿಜವಾದ ಸಂಕಟವಿತ್ತು. "ಕೋಣೆ ಕಾದೋರು ಮಿಸೆಸ್ ಪ್ರಾಬರ್ಟ್. ಹೊರಗೆ ಸಾಗಿಸಿದ್ದು ಅವರ ನಲವತ್ತು ವರ್ಷದ ಗೆಳತಿ. ನಾನು ಹಾಗೆ ಅಂತಿಲ್ಲ. ಆದ್ರೆ ಈ ಪುಸ್ತಕ ನೋಡಿದೋರು ಏನಂತಾರೆ ಹೇಳಿ. ಆ ಹದಿನಾರನೆಯವನ ಹೆಸರಾದ್ರೂ ಗೊತ್ತಾ ನಿಮಗೆ?"

ನಾನೇ ಆ ಮೇಜಿನ ಹಿಂದೆ ಕೂತಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಐವಿಯನ್ನು ಮೇಲೆತ್ತಲು ತಂದ ಹಗ್ಗ ನನ್ನ ಕೊರಳಿಗೇ ಸುತ್ತಿಕೊಂಡಿತ್ತು.

"ಕೇಳ್ಲಿ ಬಿಡು," ಎಂದೆ. "ಪೊಲೀಸ್ರು ಬರ್ಲಿ. ನಾನು ಉತ್ತರ ಹೇಳ್ಕೋತೀನಿ."

ಆಗ ಐವಿ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಕರವಸ್ತ್ರದಿಂದ ಮುಖ ಒರೆಸಿಕೊಂಡು, ಅದನ್ನು ನಾಲ್ಕು ಮಡಿಕೆ ಮಡಿಸಿ ಚೀಲಕ್ಕೆ ಹಾಕಿದಳು. ಹ್ಯೂಗೊನ ಮುಂದಿದ್ದ ಪೆನ್ನು ತೆಗೆದುಕೊಂಡಳು.

"ಐವಿ, ಏನ್ ಮಾಡ್ತಿದೀಯ?"

"ನನ್ ತಲೆ ಸರಿಯಾಗಿದೆ ಅಂತ ಇವತ್ತು ಗೊತ್ತಾಯ್ತಲ್ಲ ಕಣೇ. ನಂಗೆ ಅಷ್ಟು ಸಾಕು." ಅವಳ ಧ್ವನಿ ನಡುಗುತ್ತಿರಲಿಲ್ಲ. "ಸರಿ ಇರೋ ತಲೇಲೇ ಸೈನ್ ಹಾಕ್ತಿದೀನಿ. ಇವಳ ಬಸ್ಸಲ್ಲಿ ಏನೂ ಹೋಗಿಲ್ಲ, ಹ್ಯೂಗೊ. ಚಿತ್ರ ತೆಗೆದಿದ್ದು ನಾನು. ಡಿಲಿಸ್‌ಗೆ ಏನೂ ಗೊತ್ತಿಲ್ಲ."

"ಸುಳ್ಳು," ಎಂದೆ. "ಹ್ಯೂಗೊ, ಸುಳ್ಳು ಹೇಳ್ತಿದಾಳೆ ಇವಳು."

ಕಾಗದವನ್ನು ಎಳೆದುಕೊಳ್ಳಲು ಹೋದೆ. ಅವಳು ಮೊಣಕೈಯನ್ನು ಅಡ್ಡ ಇಟ್ಟು, ನಿಧಾನವಾಗಿ, ಒಂದಕ್ಷರವೂ ಬಾಗದಂತೆ ಹೆಸರು ಬರೆದಳು. ಕೆಳಗೆ ತಾರೀಕು ಹಾಕಿದಳು. 'ನನ್ನ ಅರಿವಿಗೆ ಬಾರದೆ' ಎಂಬ ಮೂರು ಪದಗಳ ಮೇಲೆ ಅವಳೇ ಒಂದು ಗೆರೆ ಎಳೆದಳು.

ಹ್ಯೂಗೊ ಆ ಗೆರೆಯನ್ನು ನೋಡಿದ. "ಚಿತ್ರ ಎಲ್ಲಿದೆ, ಮಿಸೆಸ್ ಪ್ರಾಬರ್ಟ್? ಅದು ವಾಪಸ್ ಬಂದ್ರೆ ಮಾತ್ರ ಟ್ರಸ್ಟಿಗಳು ಒಪ್ಪೋದು."

ಇಷ್ಟನ್ನು ಅವಳು ಯೋಚಿಸಿರಲಿಲ್ಲ. ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ತೋಟದ ಆಚೆ ನದಿ ಕಾಣುತ್ತಿತ್ತು.

"ಹೊಳೆಗೆ ಎಸೆದುಬಿಟ್ಟೆ," ಎಂದಳು.

ನಲವತ್ತು ವರ್ಷದಲ್ಲಿ ಐವಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟು ಸಲೀಸಾಗಿ ಹೇಳಿದಳೆಂದರೆ, ನಿಜ ಗೊತ್ತಿದ್ದ ನಾನೂ ಒಂದು ಕ್ಷಣ ನೀರಲ್ಲಿ ತೇಲುವ ಆ ಹುಡುಗಿಯನ್ನು ಕಂಡೆ.

ಹ್ಯೂಗೊನ ಮುಖ ಬಿಳಿಚಿಕೊಂಡಿತು. ಕಳೆದುಹೋದದ್ದನ್ನು ಸದ್ದಿಲ್ಲದೆ ಹುಡುಕಿಕೊಳ್ಳಬಹುದು. ಬೇಕೆಂದೇ ಹಾಳು ಮಾಡಿದ್ದನ್ನು ಮುಚ್ಚಿಡಲು ಅವನಿಗೆ ಅಧಿಕಾರವಿರಲಿಲ್ಲ. ಅವನು ಫೋನು ಎತ್ತಿಕೊಂಡ. ಒತ್ತಿದ್ದು ಟ್ರಸ್ಟಿಗಳ ನಂಬರನ್ನಲ್ಲ, ಪೊಲೀಸರದ್ದನ್ನು.

"ಹ್ಯೂಗೊ, ಇಡಪ್ಪ ಅದನ್ನ. ಒಂದು ದಿನ ಕೊಡು. ಅವನನ್ನ ಹುಡುಕ್ತೀನಿ."

"ಎಲ್ಲಿ ಅಂತ ಹುಡುಕ್ತೀರಿ?" ಎಂದ ಅವನು. "ಏನ್ ಹೆಸರು ಹಿಡ್ಕೊಂಡು ಹುಡುಕ್ತೀರಿ?"

ಆ ಕಡೆಯಿಂದ ಯಾರೋ ಮಾತಾಡಿದರು. ಹ್ಯೂಗೊ ಮನೆಯ ಹೆಸರು ಹೇಳಿದ, ಊರು ಹೇಳಿದ, ಕಳವು ಅಂದ. ಐವಿ ನೆಟ್ಟಗೆ ಕೂತು ನನ್ನ ಕಡೆ ನೋಡಿ ನಕ್ಕಳು. ಎಷ್ಟೋ ತಿಂಗಳಿಂದ ಕಾಣದಿದ್ದ ನಗು ಅದು. ನನ್ನನ್ನು ಉಳಿಸಿದೆನೆಂಬ ನಗು.

ಫೋನಿನ ಆ ಕಡೆಯವರು ಏನೋ ಕೇಳಿದರು. ಹ್ಯೂಗೊ ಗೇಟಿನ ಪುಸ್ತಕದ ಮೇಲೆ ಕೈಯಿಟ್ಟು, ನಮ್ಮಿಬ್ಬರಿಗೂ ಬೆನ್ನು ತಿರುಗಿಸಿದ.

"ಇಲ್ಲ, ಒಬ್ಬರಲ್ಲ," ಎಂದ. "ಇಬ್ಬರು. ಇಬ್ಬರೂ ಇಲ್ಲೇ ಇದ್ದಾರೆ."